ನಟನಿಗೆ ಕೇಳಿಸದ ಚಪ್ಪಾಳೆ

೧

ನಾಟ್ಯಪ್ರಯೋಗವೊಂದು ಫಲಿಸಿತೋ ಇಲ್ಲವೋ ಎಂಬುದನ್ನು ತಿಳಿಯುವ ಬಗೆ ಯಾವುದೆಂಬ ಪ್ರಶ್ನೆಗೆ ಭರತಮುನಿಯು ನಾಟ್ಯಶಾಸ್ತ್ರದ ೨೭ನೆಯ ಅಧ್ಯಾಯದಲ್ಲಿ ವಿಸ್ತಾರವಾದ ಉತ್ತರವನ್ನು ಕೊಟ್ಟಿದ್ದಾನೆ. ಪ್ರಯೋಗದ ಸಫಲತೆಗೆ ಅವನು ಇಟ್ಟ ಹೆಸರು ಸಿದ್ಧಿ. ಅದು ಮಾನುಷಿ ಎಂದೂ ದೈವಿಕಿ ಎಂದೂ ಎರಡು ತೆರನಾದುದು. ನೋಡುವವರು ಮುಗುಳ್ನಗುವುದು, ಗಟ್ಟಿಯಾಗಿ ನಗುವುದು, ‘ಸಾಧು’ ಎಂದೂ ‘ಅಹೋ’ ಎಂದೂ ಉದ್ಗರಿಸುವುದು, ಮೈ ನವಿರೇಳುವುದು, ಕುಳಿತಲ್ಲಿಂದ ಎದ್ದು ನಿಲ್ಲುವುದು, ಮೈಮೇಲಿನ ವಸ್ತ್ರವನ್ನೇ ತೆಗೆದು ಕೊಡುವುದು, ಇವೆಲ್ಲವೂ ಮಾನುಷಿಯ ಕುರುಹುಗಳು. ರಂಗಮಂದಿರವು ಕಿಕ್ಕಿರಿದು ತುಂಬಿದ್ದರೂ ಸದ್ದಿಲ್ಲದೆ, ಕ್ಷೋಭೆಯಿಲ್ಲದೆ, ಉತ್ಪಾತವಿಲ್ಲದೆ ಇರುವುದು ದೈವಿಕಿಯ ಕುರುಹು. ಇದರ ಬೆನ್ನಿಗೇ ಪ್ರಯೋಗವನ್ನು ಕೆಡಿಸುವ ಘಾತಗಳನ್ನೂ ಅವನು ಎಣಿಸಿದ್ದಾನೆ. ನಟನು ಮಾತು ಮರೆಯುವುದು, ಒಂದರ ಬದಲು ಇನ್ನೊಂದನ್ನು ನುಡಿಯುವುದು ತನ್ನಿಂದಲೇ ಹುಟ್ಟಿದ ಘಾತ. ಎದುರಾಳಿಯ ಕಡೆಯವರು ಸಭೆಯಲ್ಲಿ ಕುಳಿತು ಅತಿಯಾಗಿ ನಗುವುದು, ಕೂಗುವುದು ಪರರಿಂದ ಬಂದ ಘಾತ. ನಗೆಯೆಂಬ ಒಂದೇ ವಸ್ತು ಸಿದ್ಧಿಯ ಪಟ್ಟಿಯಲ್ಲಿಯೂ ಘಾತದ ಪಟ್ಟಿಯಲ್ಲಿಯೂ ಸೇರಿರುವುದನ್ನು ವಾಚಕರು ಗಮನಿಸತಕ್ಕದ್ದು. ಪ್ರಕೃತ ವಿಷಯಕ್ಕೆ ಅದು ಮುಂದೆ ಬೇಕಾಗುವುದು.

ಈ ಶಾಸ್ತ್ರವೆಲ್ಲವೂ ನಟನೂ ಸಾಮಾಜಿಕನೂ ಒಂದೇ ಮಾಡಿನ ಕೆಳಗೆ ಇರುತ್ತಾರೆಂಬ ನಂಬಿಕೆಯ ಮೇಲೆ ನಿಂತಿದೆ. ನಟನು ಸಭೆಯ ಮೆಚ್ಚುಗೆಯನ್ನು ಕೇಳುತ್ತಾನೆ, ಕೇಳಿ ಉತ್ಸಾಹಗೊಳ್ಳುತ್ತಾನೆ. ನಮ್ಮ ಕಂಪೆನಿ ನಾಟಕಗಳಲ್ಲಿ ‘ಒನ್ಸ್ ಮೋರ್’ ಎಂಬ ಕೂಗು ಎದ್ದೊಡನೆ ಸತ್ತು ಬಿದ್ದಿದ್ದ ಪಾತ್ರವೂ ಎದ್ದು ಕುಳಿತು ಹಾಡನ್ನು ಮತ್ತೊಮ್ಮೆ ಹಾಡಿ ಮರಳಿ ಸಾಯುತ್ತಿತ್ತೆಂಬ ವಿನೋದದ ಮಾತು ಈ ಸಂಬಂಧದಿಂದಲೇ ಹುಟ್ಟಿದುದು. ಆದರೆ ನಟನು ಎದುರಿಗಿಲ್ಲದೆ ಅವನ ನೆರಳು ಮಾತ್ರ ತೆರೆಯ ಮೇಲೆ ಕುಣಿಯುವಾಗ ಚಪ್ಪಾಳೆಗೆ ಅರ್ಥವೇನು? ಹಳೆಯ ಹಾಲಿವುಡ್ಡಿನ ಸಂಗೀತಚಿತ್ರವೊಂದು ತುಂಬಿದ ಮಂದಿರದಲ್ಲಿ ಇಂದಿಗೂ ಪ್ರದರ್ಶಿತವಾದಾಗ, ನೃತ್ಯವೊಂದು ಮುಗಿಯುತ್ತಲೂ ಸಭೆ ಚಪ್ಪಾಳೆ ತಟ್ಟುವುದುಂಟು. ನರ್ತಕನು ತೀರಿಕೊಂಡು ಎಷ್ಟೋ ವರ್ಷಗಳಾಗಿರುತ್ತವೆ. ಹಾಗಾದರೆ ಇದು ಬರಿಯ ಭ್ರಮೆಯೋ, ಅಭ್ಯಾಸಬಲವೋ, ಅಥವಾ ಇದರಲ್ಲಿ ಒಂದು ಸತ್ಯವುಂಟೋ? ಸಂಗೀತಚಿತ್ರದ ಚರಿತ್ರೆಯನ್ನು ತೆರೆಯ ಕಡೆಯಿಂದಲ್ಲದೆ ಆಸನಗಳ ಕಡೆಯಿಂದ ನೋಡಿದರೆ ಇದಕ್ಕೆ ಉತ್ತರ ದೊರೆಯುತ್ತದೆ.

೨

ಮೂಕಚಿತ್ರಗಳ ಕಾಲವು ಮೂಕವಾಗಿರಲಿಲ್ಲ. ಚಿತ್ರಕ್ಕೆ ಬಾಯಿಲ್ಲದಿದ್ದರೂ ಮಂದಿರಕ್ಕೆ ಬಾಯಿತ್ತು. ಅಮೆರಿಕದ ಸಣ್ಣ ಊರುಗಳಲ್ಲಿ ಒಬ್ಬ ಪಿಯಾನೋ ವಾದಕನೂ ಮಹಾನಗರಗಳಲ್ಲಿ ಪೂರ್ಣ ವಾದ್ಯಗೋಷ್ಠಿಯೂ ತೆರೆಯ ಕೆಳಗೆ ಕುಳಿತು, ಓಡುವ ಕುದುರೆಗೂ ಸುರಿಯುವ ಕಣ್ಣೀರಿಗೂ ತಕ್ಕ ಸ್ವರವನ್ನು ಒದಗಿಸುತ್ತಿದ್ದರು. ೧೯೨೭ನೆಯ ಮಾರ್ಚಿಯಲ್ಲಿ ನ್ಯೂಯಾರ್ಕಿನಲ್ಲಿ ತೆರೆದ ರಾಕ್ಸಿ ಚಿತ್ರಮಂದಿರದಲ್ಲಿ ಸುಮಾರು ೬೦೦೦ ಆಸನಗಳಿದ್ದುವು. ದೊಡ್ಡದೊಂದು ವಾದ್ಯಗೋಷ್ಠಿಯೂ ನರ್ತಕರ ಮೇಳವೂ ಅಲ್ಲಿ ಸಂಬಳದ ಮೇಲಿದ್ದುವು. ಆದುದರಿಂದ ಅಂದಿನ ಪ್ರೇಕ್ಷಕನು ಚಪ್ಪಾಳೆ ತಟ್ಟಿದರೆ ಅದನ್ನು ಕೇಳುವ ಕಿವಿಗಳು ಅಲ್ಲಿಯೇ ಇದ್ದುವು.

ಅದೇ ವರ್ಷದ ಅಕ್ಟೋಬರ್ ೬ರಂದು ಅದೇ ನಗರದ ವಾರ್ನರ್ ಮಂದಿರದಲ್ಲಿ ‘ದ ಜಾಝ್ ಸಿಂಗರ್’ ಎಂಬ ಚಿತ್ರವು ಮೊದಲ ಬಾರಿಗೆ ಪ್ರದರ್ಶಿತವಾಯಿತು. ವಾರ್ನರ್ ಸಹೋದರರ ಸಂಸ್ಥೆಯು ವೈಟಾಫೋನ್ ಎಂಬ ಯಂತ್ರದಿಂದ ಧ್ವನಿಯನ್ನು ದೊಡ್ಡ ತಟ್ಟೆಗಳ ಮೇಲೆ ಮುದ್ರಿಸಿ ಚಿತ್ರದೊಡನೆ ನುಡಿಸುತ್ತಿತ್ತು. ಈ ಯಂತ್ರಕ್ಕಾಗಿ ಎಲ್ಲರಿಗಿಂತ ಹೆಚ್ಚು ದುಡಿದ ಸ್ಯಾಮ್ ವಾರ್ನರ್ ಪ್ರದರ್ಶನದ ಹಿಂದಿನ ದಿನವೇ ತೀರಿಕೊಂಡುದರಿಂದ ಉಳಿದ ಸೋದರರು ಆ ಸಭೆಗೆ ಬರಲಾಗಲಿಲ್ಲ. ಚಿತ್ರದ ಬಹುಭಾಗವು ಮೂಕವೇ. ಕಥೆಯನ್ನು ಅಕ್ಷರಫಲಕಗಳೇ ಹೇಳುತ್ತಿದ್ದುವು. ಆದರೆ ಆಲ್ ಜಾಲ್ಸನ್ ಹಾಡುವ ಕಡೆಗಳಲ್ಲಿ ಅವನ ದನಿ ತೆರೆಯಿಂದಲೇ ಹೊಮ್ಮಿತು. ಹಾಡುಗಳ ನಡುವೆ ಅವನಾಡಿದ ನಾಲ್ಕು ಮಾತುಗಳೂ ಕೇಳಿಸಿದುವು. ಹಾಡು ಮುಗಿದಾಗ ಸಭೆ ಕರತಾಡನ ಮಾಡಿತು. ಜಾಲ್ಸನ್ ಸ್ವತಃ ಆ ರಾತ್ರಿ ಸಭೆಯಲ್ಲಿದ್ದನು. ತನ್ನ ನೆರಳಿಗೆ ಬಿದ್ದ ಚಪ್ಪಾಳೆಯನ್ನು ತಾನೇ ಕುಳಿತು ಕೇಳುವ ಯೋಗ ಗಾಯಕನಿಗೆ ಒದಗಿದ ಆ ಗಳಿಗೆಯು ಸಾಮಾನ್ಯವಾದುದಲ್ಲ. ನಟನೂ ಸಭೆಯೂ ಬೇರೆಯಾಗುವ ಮುನ್ನ ಕಡೆಯ ಸಲ ಎಂಬಂತೆ ಒಂದೆಡೆ ಸೇರಿದ್ದರು.

ಅಂದಿನ ಸಭೆಯ ಮೆಚ್ಚುಗೆಯೆಲ್ಲವೂ ಇಂದಿಗೆ ಒಪ್ಪುವುದಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಜಾಲ್ಸನ್ ಮುಖಕ್ಕೆ ಮಸಿ ಬಳಿದುಕೊಂಡು ಕರಿಯರ ವೇಷದಲ್ಲಿ ಹಾಡುವ ಭಾಗವನ್ನು ಅಂದು ಹರ್ಷದಿಂದ ನೋಡಿದರು. ಇಂದಿನ ಸಭೆ ಅದನ್ನು ಲಜ್ಜೆಯಿಂದ ನೋಡುತ್ತದೆ. ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಕರಿಯ ಜನರನ್ನು ಮೇಲಿನ ಅಟ್ಟದಲ್ಲಿ ಬೇರೆಯಾಗಿ ಕೂರಿಸುತ್ತಿದ್ದರು. ಈ ಭೇದವನ್ನು ಕಾನೂನು ನಿಷೇಧಿಸಿದುದು ೧೯೬೪ರಲ್ಲಿ. ಸಭೆಯ ಸೊಗಸನ್ನು ಹೊಗಳುವಾಗ ಸಭೆಯ ಬಾಗಿಲಲ್ಲಿ ತಡೆದು ನಿಲ್ಲಿಸಲ್ಪಟ್ಟವರನ್ನು ಮರೆಯಬಾರದು.

೩

ವಾಕ್ಚಿತ್ರವು ಬಂದ ಮೇಲೆ ಮೊದಲು ಕೇಳಿಬಂದುದು ಚಪ್ಪಾಳೆ. ಅದರ ಬೆನ್ನಿಗೇ ಬಂದುದು ನಗೆ. ಧ್ವನಿಗ್ರಾಹಕವನ್ನು ಹೂಕುಂಡದಲ್ಲಿಯೋ ಪೊದೆಯಲ್ಲಿಯೋ ಅಡಗಿಸಬೇಕಾಗಿತ್ತು. ನಟಿ ಮುಖ ತಿರುಗಿಸಿದರೆ ಮಾತು ಮಾಯವಾಗುತ್ತಿತ್ತು. ಕ್ಯಾಮರಾದ ಗರಗರ ಸದ್ದು ಮುದ್ರಿತವಾಗದಿರಲೆಂದು ಅದನ್ನೂ ಅದನ್ನು ನಡೆಸುವವನನ್ನೂ ಗಾಳಿಯಿಲ್ಲದ ಪೆಟ್ಟಿಗೆಯಂಥ ಕೋಣೆಯಲ್ಲಿ ಮುಚ್ಚಿಡುತ್ತಿದ್ದರು. ಮೂಕಚಿತ್ರದಲ್ಲಿ ಕಣ್ಣಿನಿಂದಲೇ ಪ್ರೇಮವನ್ನು ನುಡಿಯುತ್ತಿದ್ದ ಜಾನ್ ಗಿಲ್ಬರ್ಟನು ೧೯೨೯ರ ‘ಹಿಸ್ ಗ್ಲೋರಿಯಸ್ ನೈಟ್’ ಎಂಬ ಚಿತ್ರದಲ್ಲಿ ಬಾಯಿಬಿಟ್ಟು ಪ್ರೇಮವನ್ನು ಹೇಳಿಕೊಂಡಾಗ ಪ್ರೇಕ್ಷಕರು ನಕ್ಕರೆಂಬುದು ಪ್ರಸಿದ್ಧವಾದ ಕಥೆ. ಇತ್ತ ತೆರೆಯ ಕೆಳಗೆ ಕುಳಿತಿದ್ದ ವಾದಕರು ಸಾವಿರಗಟ್ಟಲೆಯಲ್ಲಿ ಕೆಲಸ ಕಳೆದುಕೊಂಡರು. ಅವರ ಸಂಘವು ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು ‘ಡಬ್ಬಿಯೊಳಗಿನ ಸಂಗೀತ’ವನ್ನು ಜನರು ತಿರಸ್ಕರಿಸಬೇಕೆಂದು ಬೇಡಿಕೊಂಡಿತು. ಜನರು ಕಿವಿಗೊಡಲಿಲ್ಲ. ಅವರಿಗೆ ಡಬ್ಬಿಯ ಸಂಗೀತವು ಹೊಸತು, ಅಗ್ಗವಾದುದು.

೧೯೨೯ರಲ್ಲಿ ಮೆಟ್ರೊ ಗೋಲ್ಡ್‌ವಿನ್ ಮೇಯರ್ ಸಂಸ್ಥೆಯ ‘ದ ಬ್ರಾಡ್ವೇ ಮೆಲೊಡಿ’ ಬಂದು ಶ್ರೇಷ್ಠ ಚಿತ್ರದ ಅಕಾಡೆಮಿ ಬಹುಮಾನವನ್ನು ಪಡೆದ ಮೊದಲ ವಾಕ್ಚಿತ್ರವೆನಿಸಿತು. ಆಮೇಲೆ ಸಂಗೀತಚಿತ್ರಗಳ ಪ್ರವಾಹವೇ ಹರಿಯಿತು. ಆ ಪ್ರವಾಹದ ತುಂತುರು ಭಾರತಕ್ಕೂ ಬಿದ್ದಿತು. ‘ಷೋ ಬೋಟ್’ ಎಂಬ ಅಮೆರಿಕದ ಚಿತ್ರವನ್ನು ಮುಂಬಯಿಯಲ್ಲಿ ನೋಡಿ ಆರ್ದೇಶಿರ್ ಇರಾನಿಯವರು ‘ಆಲಂ ಆರಾ’ವನ್ನು ತೆಗೆಯಲು ಪ್ರೇರಿತರಾದರೆಂದು ಹೇಳುವುದುಂಟು. ಆ ಚಿತ್ರವು ೧೯೩೧ರ ಮಾರ್ಚಿ ೧೪ರಂದು ಮುಂಬಯಿಯ ಮೆಜೆಸ್ಟಿಕ್ ಮಂದಿರದಲ್ಲಿ ಏಳು ಹಾಡುಗಳೊಡನೆ ತೆರೆಕಂಡಿತು; ೧೯೩೪ರಲ್ಲಿ ‘ಸತಿ ಸುಲೋಚನಾ’ ಬಂದು ಕನ್ನಡವೂ ತೆರೆಯ ಮೇಲೆ ಹಾಡಿತು. ಅಮೆರಿಕದಲ್ಲಿಯಾದರೋ ಜನರಿಗೆ ಎರಡೇ ವರ್ಷಗಳಲ್ಲಿ ಬೇಸರ ಹತ್ತಿತು. ‘ಇದು ಸಂಗೀತಚಿತ್ರವಲ್ಲ’ ಎಂದು ಬಾಗಿಲಲ್ಲಿ ಸಾರಿಕೊಂಡು ಜನರನ್ನು ಕರೆಯುವ ಕಾಲ ಬಂದಿತು. ಸಭೆಯು ಕೈಬಿಟ್ಟರೆ ಈ ಕಲೆ ಎಷ್ಟು ಬೇಗ ಬಾಡುವುದೆಂಬುದಕ್ಕೆ ಇದೇ ಮೊದಲ ಸಾಕ್ಷಿ.

೧೯೩೩ರ ‘ಫಾರ್ಟಿಸೆಕೆಂಡ್ ಸ್ಟ್ರೀಟ್’ ಈ ಕಲೆಯನ್ನು ಮರಳಿ ಚಿಗುರಿಸಿತು. ಅದರ ನೃತ್ಯಗಳನ್ನು ಕಟ್ಟಿದವನು ಬಸ್ಬಿ ಬರ್ಕ್ಲಿ. ಕಥೆಯಲ್ಲಿ ಅವು ನಾಟಕಶಾಲೆಯ ರಂಗದ ಮೇಲೆ ನಡೆಯುತ್ತವೆ. ಆದರೆ ಅವನು ಕ್ಯಾಮರಾವನ್ನು ಛಾವಣಿಗೆ ಏರಿಸಿ, ನರ್ತಕಿಯರು ಮೇಲಿನಿಂದ ಹೂವಿನ ಎಸಳುಗಳಂತೆ ಅರಳಿ ಮುಚ್ಚುವುದನ್ನು ತೋರಿಸಿದನು. ಯಾವ ನಾಟಕಶಾಲೆಯ ಯಾವ ಆಸನದಿಂದಲೂ ಕಾಣಲಾರದ ನೋಟವದು. ಫ್ರೆಡ್ ಆಸ್ಟೇರನದು ಇದಕ್ಕೆ ಎದುರಾದ ಮಾರ್ಗ. ನರ್ತಕನು ತಲೆಯಿಂದ ಕಾಲಿನವರೆಗೂ ಪೂರ್ಣವಾಗಿ ಕಾಣಬೇಕು, ನೃತ್ಯವನ್ನು ಆದಷ್ಟು ತುಂಡರಿಸದೆ ತೆಗೆಯಬೇಕು ಎಂಬುದು ಅವನ ಹಟ. ಒಬ್ಬನು ಪ್ರೇಕ್ಷಕನಿಗೆ ರೆಕ್ಕೆ ಕೊಟ್ಟನು. ಇನ್ನೊಬ್ಬನು ಮೊದಲ ಸಾಲಿನ ಮಧ್ಯದ ಆಸನವನ್ನು ಕೊಟ್ಟನು. ಇಬ್ಬರ ಲೆಕ್ಕಾಚಾರದಲ್ಲಿಯೂ ಪ್ರೇಕ್ಷಕನೇ ಮುಖ್ಯ.

ಈ ಲೆಕ್ಕಾಚಾರವು ಎಷ್ಟು ಸೂಕ್ಷ್ಮವಾಗಿತ್ತೆಂಬುದಕ್ಕೆ ಒಂದು ದೃಷ್ಟಾಂತವುಂಟು. ೧೯೩೫ರ ‘ಎ ನೈಟ್ ಅಟ್ ದಿ ಆಪೆರಾ’ ಎಂಬ ಹಾಸ್ಯ ಸಂಗೀತದ ಚಿತ್ರವನ್ನು ತೆಗೆಯುವ ಮೊದಲು ನಿರ್ಮಾಪಕ ಅರ್ವಿಂಗ್ ಥಾಲ್ಬರ್ಗನು ಮಾರ್ಕ್ಸ್ ಸಹೋದರರನ್ನು ಊರೂರಿಗೆ ಕಳುಹಿಸಿ, ಚಿತ್ರದ ಮುಖ್ಯ ದೃಶ್ಯಗಳನ್ನು ರಂಗದ ಮೇಲೆ ಆಡಿಸಿದನು. ಯಾವ ಮಾತಿಗೆ ಜನ ನಗುತ್ತಾರೆ, ಆ ನಗೆ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ನೋಡಿ, ಮುಂದಿನ ಮಾತು ನಗೆಯಲ್ಲಿ ಮುಳುಗಿಹೋಗದಂತೆ ಅಂತರವನ್ನು ಗೊತ್ತುಮಾಡಿಕೊಂಡರು. ಅಂದರೆ ಸಭೆಯ ನಗೆಗೆ ಚಿತ್ರದೊಳಗೆ ಮೊದಲೇ ಒಂದು ಸ್ಥಳವನ್ನು ಕಾದಿರಿಸಿದರು. ಅಂಥ ಚಿತ್ರವನ್ನು ಒಬ್ಬನೇ ಕುಳಿತು ನೋಡುವವನಿಗೆ ಅಲ್ಲಲ್ಲಿ ವಿನಾಕಾರಣ ಮೌನವಿರುವಂತೆ ತೋರುತ್ತದೆ. ಅದು ಮೌನವಲ್ಲ, ಬಾರದೆ ಹೋದ ಅತಿಥಿಗಳಿಗಾಗಿ ಹಾಕಿದ ಎಲೆ.

೪

೧೯೫೨ನೆಯ ಮಾರ್ಚಿ ೨೭ರಂದು ನ್ಯೂಯಾರ್ಕಿನ ರೇಡಿಯೊ ಸಿಟಿ ಮ್ಯೂಸಿಕ್ ಹಾಲಿನಲ್ಲಿ ‘ಸಿಂಗಿನ್ ಇನ್ ದ ರೇನ್’ ಎಂಬ ಚಿತ್ರವು ತೆರೆಕಂಡಿತು. ೧೯೩೨ನೆಯ ಡಿಸೆಂಬರಿನಲ್ಲಿ ತೆರೆದ ಆ ಮಂದಿರದಲ್ಲಿ ಸುಮಾರು ೬೦೦೦ ಜನರು ಕೂರಬಹುದು. ಚಿತ್ರದೊಡನೆ ರಂಗಪ್ರದರ್ಶನವನ್ನೂ ಕೊಡುವುದು ಅಲ್ಲಿಯ ಪದ್ಧತಿ. ‘ರಾಕೆಟ್ಸ್’ ಎಂಬ ನರ್ತಕಿಯರ ಮೇಳವು ಸಾಲಾಗಿ ನಿಂತು ಒಂದೇ ಅಳತೆಗೆ ಕಾಲೆತ್ತಿ ಕುಣಿಯುತ್ತಿತ್ತು. ರಕ್ತಮಾಂಸದ ನರ್ತಕರಿಗೆ ತಟ್ಟಿದ ಕೈಗಳೇ ಮುಂದಿನ ಗಳಿಗೆಯಲ್ಲಿ ನೆರಳಿನ ನರ್ತಕರಿಗೂ ತಟ್ಟುವುದು ಅಲ್ಲಿ ಸಹಜವಾಗಿತ್ತು.

ಚಿತ್ರವನ್ನು ನಿರ್ಮಿಸಿದವನು ಆರ್ಥರ್ ಫ್ರೀಡ್. ನಿರ್ದೇಶಿಸಿದವರು ಜೀನ್ ಕೆಲ್ಲಿ ಮತ್ತು ಸ್ಟ್ಯಾನ್ಲಿ ಡೋನೆನ್. ಬರೆದವರು ಬೆಟ್ಟಿ ಕಾಮ್ಡೆನ್ ಮತ್ತು ಅಡಾಲ್ಫ್ ಗ್ರೀನ್. ಫ್ರೀಡನು ಮೊದಲು ಗೀತರಚಕನು. ನಾಸಿಯೊ ಹರ್ಬ್ ಬ್ರೌನನ ಸ್ವರಸಂಯೋಜನೆಗೆ ತಾನು ಬರೆದಿದ್ದ ಹಳೆಯ ಹಾಡುಗಳನ್ನು ಒಂದು ಕಥೆಯಲ್ಲಿ ಪೋಣಿಸಿಕೊಡಬೇಕೆಂದು ಅವನು ಬರಹಗಾರರನ್ನು ಕೇಳಿದನು. ಬಹುಪಾಲು ಹಾಡುಗಳು ವಾಕ್ಚಿತ್ರದ ಮೊದಲ ದಶಕದವಾದುದರಿಂದ ಆ ಕಾಲವನ್ನೇ ಕಥೆಯ ಕಾಲವನ್ನಾಗಿ ಅವರು ಆರಿಸಿಕೊಂಡರು. ಹೀಗಾಗಿ ೧೯೫೨ರ ಚಿತ್ರವೊಂದು ೧೯೨೭ರ ಚರಿತ್ರೆಯಾಯಿತು. ಆ ಚರಿತ್ರೆಯನ್ನು ಹೇಳುವ ಬಗೆಯೂ ವಿಶೇಷವಾದುದು. ಅದರ ತಿರುವುಗಳೆಲ್ಲ ಸಭೆಯ ಎದುರಿನಲ್ಲಿಯೇ ನಡೆಯುತ್ತವೆ.

ಕಥೆಯು ಆರಂಭವಾಗುವುದೇ ಹಾಲಿವುಡ್ಡಿನ ಚಿತ್ರಮಂದಿರವೊಂದರ ಬಾಗಿಲಲ್ಲಿ ನೆರೆದ ಗುಂಪಿನಿಂದ. ಡಾನ್ ಲಾಕ್‌ವುಡ್ ಮತ್ತು ಲೀನಾ ಲಮಾಂಟ್ ಎಂಬ ಮೂಕಚಿತ್ರದ ತಾರೆಯರನ್ನು ಆ ಗುಂಪು ಆರಾಧಿಸುತ್ತದೆ. ಲೀನಾಳ ಕಂಠ ಕರ್ಕಶವಾದುದೆಂಬುದು ಅವರಿಗೆ ತಿಳಿಯದು. ‘ಜಾಝ್ ಸಿಂಗರ್’ ಗೆದ್ದಿತೆಂಬ ಸುದ್ದಿ ಬಂದೊಡನೆ ಸಂಸ್ಥೆಯು ಅರ್ಧ ಮುಗಿದ ಮೂಕಚಿತ್ರವನ್ನು ವಾಕ್ಚಿತ್ರವನ್ನಾಗಿ ಮಾಡುತ್ತದೆ. ಪೂರ್ವಪ್ರದರ್ಶನದ ರಾತ್ರಿ ಎರಡನೆಯ ಸಭೆ ನೆರೆಯುತ್ತದೆ. ಲೀನಾಳ ಕೊರಳಿನ ಮುತ್ತಿನ ಸರದ ಸದ್ದು ಗುಡುಗಿನಂತೆ ಮೊಳಗುತ್ತದೆ. ಅವಳು ತಲೆ ತಿರುಗಿಸಿದಾಗ ಮಾತು ಅಡಗುತ್ತದೆ. ಡಾನ್ ಒಂದೇ ಪ್ರೇಮೋಕ್ತಿಯನ್ನು ಹತ್ತು ಸಲ ಹೇಳುತ್ತಾನೆ. ಕಡೆಗೆ ಧ್ವನಿಯೂ ಚಿತ್ರವೂ ಹೊಂದಿಕೆ ತಪ್ಪಿ ನಾಯಕಿಯ ನಿರಾಕರಣೆ ಖಳನ ಬಾಯಿಂದಲೂ ಖಳನ ಸಮ್ಮತಿ ನಾಯಕಿಯ ಬಾಯಿಂದಲೂ ಹೊರಡುತ್ತದೆ. ಸಭೆ ಬಿದ್ದು ಬಿದ್ದು ನಗುತ್ತದೆ. ಮೂರನೆಯ ಸಭೆ ಕಥೆಯ ಕಡೆಯದು. ಕ್ಯಾಥಿ ಎಂಬ ಬಡ ನಟಿಯ ಕಂಠವನ್ನು ಕದ್ದು ಲೀನಾ ಮೆರೆಯುತ್ತಿರುವಾಗ, ಅವಳು ರಂಗದ ಮೇಲೆ ನಿಂತು ಹಾಡಬೇಕಾಗುತ್ತದೆ. ಹಿಂದೆ ಮರೆಯಲ್ಲಿ ನಿಂತು ಕ್ಯಾಥಿ ಹಾಡುತ್ತಾಳೆ. ಡಾನನೂ ಅವನ ಮಿತ್ರರೂ ತೆರೆಯನ್ನು ಎಳೆದುಬಿಡುತ್ತಾರೆ. ಅಳುತ್ತ ಓಡುವ ಕ್ಯಾಥಿಯನ್ನು ತಡೆಯಿರೆಂದು ಡಾನ್ ಕೂಗಿ ಹೇಳುವುದು ಸಭೆಗೇ. ನೀವು ಮೆಚ್ಚಿದ ಕಂಠದ ಒಡತಿ ಈಕೆಯೆಂದು ಅವನು ನ್ಯಾಯವನ್ನು ಬೇಡುವುದೂ ಸಭೆಯಲ್ಲಿಯೇ.

ಈಗ ಎರಡನೆಯ ಸಭೆಯ ನಗೆಯನ್ನು ಪರಿಶೀಲಿಸಬೇಕು. ತೆರೆಯೊಳಗಿನ ಪ್ರೇಕ್ಷಕರು ನಗುವುದು ಡಾನನ ಪಾಲಿಗೆ ಘಾತ. ಅವನ ಬಾಳೇ ಮುಳುಗಿದಂತೆ. ತೆರೆಯ ಹೊರಗಿನ ಪ್ರೇಕ್ಷಕರು ನಗುವುದೂ ಅದೇ ಗಳಿಗೆಯಲ್ಲಿ, ಅದೇ ತಪ್ಪಿಗಾಗಿ. ಆದರೆ ಈ ನಗೆ ಕೆಲ್ಲಿಯ ಪಾಲಿಗೆ ಸಿದ್ಧಿ. ಭರತನು ಎರಡು ಪಟ್ಟಿಗಳಲ್ಲಿ ಬೇರೆ ಬೇರೆಯಾಗಿ ಬರೆದ ನಗೆಗಳು ಇಲ್ಲಿ ಒಂದರ ಮೇಲೊಂದು ಬಿದ್ದು ಒಂದೇ ಧ್ವನಿಯಾಗುತ್ತವೆ. ತುಂಬಿದ ಮಂದಿರದಲ್ಲಿ ಕುಳಿತವನಿಗೆ ತೆರೆಯೊಳಗಿನ ನಗೆ ಎಲ್ಲಿ ಮುಗಿಯಿತು, ಪಕ್ಕದವನ ನಗೆ ಎಲ್ಲಿ ಆರಂಭವಾಯಿತು ಎಂಬುದು ತಿಳಿಯದಂತಾಗುತ್ತದೆ. ಒಂಟಿಯಾಗಿ ನೋಡುವವನಿಗೆ ಈ ಅನುಭವವಿಲ್ಲ. ಅವನು ನಗುವವರನ್ನು ನೋಡುತ್ತಾನೆಯೇ ಹೊರತು ನಗುವವರಲ್ಲಿ ಒಬ್ಬನಾಗುವುದಿಲ್ಲ.

ನೃತ್ಯಗಳ ಕೊನೆಗಳಲ್ಲಿಯೂ ಸಭೆಗೆ ಬಿಟ್ಟ ಸ್ಥಳವನ್ನು ಕಾಣಬಹುದು. ಮಳೆಯ ನೃತ್ಯದ ಕಡೆಯಲ್ಲಿ ಕೆಲ್ಲಿ ಬೀದಿಯ ನೀರಿನಲ್ಲಿ ಮಗುವಿನಂತೆ ತುಳಿದಾಡುತ್ತಿರುವಾಗ ಪೋಲೀಸಿನವನು ಬಂದು ನಿಲ್ಲುತ್ತಾನೆ. ಸಂಗೀತವು ತಗ್ಗುತ್ತದೆ, ನರ್ತಕನು ನಾಚಿ, ದಾರಿಹೋಕನೊಬ್ಬನಿಗೆ ಕೊಡೆಯನ್ನು ಕೊಟ್ಟು, ಕೈ ಬೀಸುತ್ತ ಹೊರಟುಹೋಗುತ್ತಾನೆ. ‘ಗುಡ್ ಮಾರ್ನಿಂಗ್’ ಎಂಬ ಹಾಡು ಮುಗಿದಾಗ ಮೂವರೂ ಮಗುಚಿದ ಸೋಫಾದ ಮೇಲೆ ಕುಸಿದು ನಗುತ್ತಿರುತ್ತಾರೆ. ಆ ನಡಿಗೆಯೂ ಆ ನಗೆಯೂ ಸಭೆಯ ಚಪ್ಪಾಳೆ ಏರಿ ಇಳಿಯುವಷ್ಟು ಹೊತ್ತು ಇರುತ್ತವೆ. ಮುಖ್ಯವಾದ ಮಾತೊಂದೂ ಆ ಅವಧಿಯಲ್ಲಿ ಬಾರದು. ಸಂಗೀತ ನಾಟಕದ ರಂಗದಲ್ಲಿ ನುರಿತವರಿಗೆ ಇದು ರಕ್ತಗತವಾದ ಅಭ್ಯಾಸ. ಕೆಲ್ಲಿಯೂ ಡೋನೆನನೂ ಕಾಮ್ಡೆನ್, ಗ್ರೀನರೂ ಬ್ರಾಡ್ವೇಯಿಂದ ಬಂದವರೇ.

ಈ ಹಗುರವಾದ ನೋಟದ ಹಿಂದೆ ಇದ್ದ ಶ್ರಮವು ಹಗುರವಾದುದಲ್ಲ. ಕೆಲ್ಲಿ ಮಳೆಯಲ್ಲಿ ಕುಣಿದಾಗ ಅವನ ಮೈಯಲ್ಲಿ ೧೦೩ ಡಿಗ್ರಿ ಜ್ವರವಿತ್ತೆಂದು ಪ್ರಸಿದ್ಧಿ. ಮಳೆನೀರು ಕಾಣಿಸಲೆಂದು ಹಾಲು ಬೆರೆಸಿದರೆಂಬ ಮಾತು ಮಾತ್ರ ಕಟ್ಟುಕಥೆ. ಹನಿಗಳನ್ನು ಬೆಳಗಿಸಿದುದು ಹಿಂದಿನಿಂದ ಹಾಯಿಸಿದ ದೀಪ. ಕ್ಯಾಥಿಯಾದ ಡೆಬ್ಬಿ ರೆನಾಲ್ಡ್ಸ್ ೧೯ ವರ್ಷದ ಹುಡುಗಿ, ನೃತ್ಯದ ಶಿಕ್ಷಣವಿರಲಿಲ್ಲ. ಬೂಟಿನ ತಳಕ್ಕೆ ಲೋಹ ಕಟ್ಟಿ ಹೆಜ್ಜೆಯಿಂದಲೇ ತಾಳ ನುಡಿಸುವ ಆ ನೃತ್ಯವನ್ನು ಕೆಲವೇ ತಿಂಗಳಲ್ಲಿ ಕಲಿತು ಕುಣಿದ ಆಕೆಯ ಕಾಲುಗಳಿಂದ ರಕ್ತ ಸುರಿದುದನ್ನು ಆಕೆಯೇ ನೆನೆದಿದ್ದಾಳೆ. ಇದಕ್ಕಿಂತ ವಿಚಿತ್ರವಾದುದು ಇನ್ನೊಂದುಂಟು. ಕದ್ದ ಕಂಠದ ಕಥೆಯನ್ನು ಹೇಳುವ ಈ ಚಿತ್ರದಲ್ಲಿಯೇ ‘ವುಡ್ ಯೂ’ ಎಂಬ ಹಾಡಿನಲ್ಲಿ ಕೇಳಿಬರುವುದು ರೆನಾಲ್ಡ್ಸಳ ಕಂಠವಲ್ಲ. ಬೆಟ್ಟಿ ನಾಯ್ಸ್ ಎಂಬ ಗಾಯಕಿಯದು. ಲೀನಾಳಿಗಾಗಿ ಕ್ಯಾಥಿ ನುಡಿಯುವ ಮಾತುಗಳಲ್ಲಿ ಕೇಳಿಸುವುದು ಲೀನಾಳ ಪಾತ್ರ ವಹಿಸಿದ ಜೀನ್ ಹೇಗನಳದೇ ಸ್ವಾಭಾವಿಕ ಮಧುರ ಕಂಠ. ಕಥೆಯೊಳಗಿನ ಸಭೆಗೆ ತೆರೆ ಎಳೆದು ಸತ್ಯವನ್ನು ತೋರಿಸಿದರು. ಕಥೆಯ ಹೊರಗಿನ ಸಭೆಗೆ ಆ ಭಾಗ್ಯವಿರಲಿಲ್ಲ. ನಾಯ್ಸಳ ಹೆಸರು ಚಿತ್ರದ ಫಲಕಗಳಲ್ಲಿಲ್ಲ. ಅವಳಿಗೆ ಸಲ್ಲಬೇಕಾದ ಚಪ್ಪಾಳೆ ವಿಳಾಸ ತಪ್ಪಿದ ಕಾಗದದಂತೆ ಬೇರೆಯವರಿಗೆ ಸಂದಿತು.

೫

ಚಿತ್ರವು ಜನರಿಗೆ ಮೆಚ್ಚಾಯಿತು, ಹಣವೂ ಬಂದಿತು. ಆದರೂ ಅದನ್ನು ಮಹಾಕೃತಿಯೆಂದು ಅಂದು ಯಾರೂ ಎಣಿಸಲಿಲ್ಲ. ಅದು ತೆರೆಕಾಣುವುದಕ್ಕೆ ಒಂದು ವಾರ ಮೊದಲು ಕೆಲ್ಲಿಯದೇ ‘ಆ್ಯನ್ ಅಮೆರಿಕನ್ ಇನ್ ಪ್ಯಾರಿಸ್’ ಶ್ರೇಷ್ಠ ಚಿತ್ರದ ಬಹುಮಾನವನ್ನು ಪಡೆದಿತ್ತು. ಇದಕ್ಕೆ ಮರುವರ್ಷ ಆ ಬಹುಮಾನದ ಸ್ಪರ್ಧೆಗೂ ಕರೆ ಬರಲಿಲ್ಲ. ಅಷ್ಟರಲ್ಲಿ ಸಭೆಯೇ ಚದರಲಾರಂಭಿಸಿತ್ತು. ೧೯೪೬ರಲ್ಲಿ ಅಮೆರಿಕದ ಚಿತ್ರಮಂದಿರಗಳಿಗೆ ವಾರಕ್ಕೆ ೮-೯ ಕೋಟಿ ಟಿಕೆಟ್ಟುಗಳು ಮಾರಾಟವಾಗುತ್ತಿದ್ದುವೆಂದು ಅಂದಾಜು; ಹತ್ತು ವರ್ಷಗಳಲ್ಲಿ ಆ ಸಂಖ್ಯೆ ಅರ್ಧದ ಕಡೆಗೆ ಕುಸಿಯಿತು. ಚಿತ್ರ ತೆಗೆಯುವ ಸಂಸ್ಥೆಗಳೇ ಮಂದಿರಗಳನ್ನೂ ಇಟ್ಟುಕೊಳ್ಳಬಾರದೆಂದು ಅಲ್ಲಿಯ ಪರಮೋಚ್ಚ ನ್ಯಾಯಾಲಯವು ೧೯೪೮ರಲ್ಲಿ ತೀರ್ಪಿತ್ತುದು ಒಂದು ಕಾರಣ, ಜನರು ನಗರ ಬಿಟ್ಟು ದೂರದ ಬಡಾವಣೆಗಳಿಗೆ ಹೋಗಿ ನೆಲೆಸಿದುದು ಎರಡನೆಯದು, ಟೆಲಿವಿಷನ್ನು ಮೂರನೆಯದು. ೧೯೫೬ರ ನವೆಂಬರ್ ೩ರಂದು ೧೯೩೯ರ ‘ದ ವಿಝರ್ಡ್ ಆಫ್ ಆಝ್’ ಟೆಲಿವಿಷನ್ನಿನಲ್ಲಿ ಬಂದಿತು. ೧೯೫೯ರಿಂದ ಪ್ರತಿವರ್ಷವೂ ಬರತೊಡಗಿತು. ನಾಡಿನ ಮಕ್ಕಳೆಲ್ಲರೂ ಒಂದೇ ಸಂಜೆ ಅದನ್ನು ನೋಡುತ್ತಿದ್ದರು. ಆದರೆ ಒಂದೊಂದು ಮನೆಯಲ್ಲಿ ನಾಲ್ಕಾರು ಮಂದಿ ಮಾತ್ರ. ಸಭೆಯು ಎಂದಿಗಿಂತಲೂ ದೊಡ್ಡದಾಯಿತು; ಆದರೆ ಒಬ್ಬರ ನಗೆ ಇನ್ನೊಬ್ಬರಿಗೆ ಕೇಳಿಸದ ಸಭೆಯಾಯಿತು.

ಮಂದಿರಗಳ ಗತಿಯೂ ಹಾಗೆಯೇ. ರಾಕ್ಸಿಯನ್ನು ೧೯೬೦ರಲ್ಲಿ ಕೆಡವಿದರು. ರೇಡಿಯೊ ಸಿಟಿ ಮ್ಯೂಸಿಕ್ ಹಾಲು ೧೯೭೮ರಲ್ಲಿ ಮುಚ್ಚಿಹೋಗುವುದರಲ್ಲಿತ್ತು. ಜನರ ಕೂಗಿನಿಂದ ಕಟ್ಟಡವು ಉಳಿಯಿತು, ಚಿತ್ರವನ್ನೂ ರಂಗಪ್ರದರ್ಶನವನ್ನೂ ಕೂಡಿಸುವ ಹಳೆಯ ಪದ್ಧತಿ ಮಾತ್ರ ೧೯೭೯ಕ್ಕೆ ಕೊನೆಗೊಂಡಿತು. ಮೆಟ್ರೊ ಗೋಲ್ಡ್‌ವಿನ್ ಮೇಯರ್ ಸಂಸ್ಥೆಯು ೧೯೭೦ರಲ್ಲಿ ತನ್ನ ಉಡುಗೆ ತೊಡುಗೆಗಳನ್ನೂ ಸಾಮಾನುಗಳನ್ನೂ ಹರಾಜು ಹಾಕಿತು. ಅದೇ ಸುಮಾರಿಗೆ ಸಂಸ್ಥೆಯ ಸಂಗೀತಭಂಡಾರದ ಸ್ವರಲಿಪಿಗಳನ್ನು, ಒಂದೊಂದು ವಾದ್ಯಕ್ಕೂ ಕೈಯಿಂದ ಬರೆದ ಹಾಳೆಗಳನ್ನು, ಜಾಗವಿಲ್ಲವೆಂಬ ಕಾರಣದಿಂದ ಕಸದ ಗುಂಡಿಗೆ ಸುರಿದರು. ೧೯೭೮ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ರಾಚೆಸ್ಟರಿನ ಸಂಗ್ರಹಾಲಯದಲ್ಲಿ ಬೆಂಕಿಬಿದ್ದು ‘ಸಿಂಗಿನ್ ಇನ್ ದ ರೇನ್’ ಚಿತ್ರದ ಮೂಲ ನೆಗೆಟಿವ್ ಸುಟ್ಟುಹೋಯಿತು. ಸಂಗೀತವು ಮಣ್ಣುಪಾಲು, ಚಿತ್ರದ ಮೂಲವು ಬೆಂಕಿಪಾಲು, ಮಂದಿರವು ಗುದ್ದಲಿಪಾಲು. ಉಳಿದವು ಪ್ರತಿಗಳು ಮತ್ತು ನೋಡಿದವರ ನೆನಪು.

೬

ನೆನಪೇ ಈ ಕಲೆಯನ್ನು ಕಾಪಾಡಿತು. ೧೯೭೪ರಲ್ಲಿ ಹಳೆಯ ನೃತ್ಯಗಳನ್ನು ಆಯ್ದು ಜೋಡಿಸಿದ ‘ದಟ್ಸ್ ಎಂಟರ್‌ಟೈನ್‌ಮೆಂಟ್’ ತೆರೆಕಂಡು ಜನರನ್ನು ಮತ್ತೆ ಮಂದಿರಕ್ಕೆ ಕರೆತಂದಿತು. ಹಳೆಯ ಚಿತ್ರಗಳಿಗೆಂದೇ ಮೀಸಲಾದ ಸಣ್ಣ ಮಂದಿರಗಳು ನಗರಗಳಲ್ಲಿ ಬೆಳೆದುವು. ಬಹುಮಾನಕ್ಕೆ ಬಾರದ ‘ಸಿಂಗಿನ್ ಇನ್ ದ ರೇನ್’, ಲಂಡನ್ನಿನ ‘ಸೈಟ್ ಆ್ಯಂಡ್ ಸೌಂಡ್’ ಪತ್ರಿಕೆ ನಡೆಸಿದ ವಿಮರ್ಶಕರ ಮತಗಣನೆಯಲ್ಲಿ ೧೯೮೨ರಲ್ಲಿಯೂ ೨೦೦೨ರಲ್ಲಿಯೂ ೨೦೨೨ರಲ್ಲಿಯೂ ಜಗತ್ತಿನ ಹತ್ತು ಶ್ರೇಷ್ಠ ಚಿತ್ರಗಳಲ್ಲಿ ಒಂದೆನಿಸಿತು. ಜಾನ್ ವಿಲ್ಸನ್ ಎಂಬ ಇಂಗ್ಲಿಷ್ ಸಂಗೀತನಿರ್ದೇಶಕನು ಕಳೆದುಹೋದ ಸ್ವರಲಿಪಿಗಳನ್ನು ಚಿತ್ರದ ಧ್ವನಿಯನ್ನು ಮತ್ತೆ ಮತ್ತೆ ಕೇಳಿ, ಒಂದೊಂದು ವಾದ್ಯದ ಸ್ವರವನ್ನೂ ಹೆಕ್ಕಿ, ಹೊಸದಾಗಿ ಬರೆದು ನಿಲ್ಲಿಸಿದನು. ೨೦೦೯ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಅವನ ವಾದ್ಯಗೋಷ್ಠಿಯು ಆ ಸಂಗೀತವನ್ನು ನುಡಿಸಿತು. ಬರೆಹವು ನಾಶವಾದ ಮೇಲೂ ಶ್ರುತಿಯಿಂದ ಗ್ರಂಥವನ್ನು ಉದ್ಧರಿಸಬಹುದೆಂಬುದನ್ನು ವೇದಪಾಠದ ನಾಡಿನವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಇಂದು ಕೆಲವು ನಗರಗಳಲ್ಲಿ ಹಳೆಯ ಸಂಗೀತಚಿತ್ರಗಳನ್ನು ತೋರಿಸುವಾಗ ನಟರ ಕಂಠವನ್ನು ಮಾತ್ರ ಉಳಿಸಿಕೊಂಡು, ಉಳಿದ ಸಂಗೀತವನ್ನು ತೆರೆಯ ಕೆಳಗೆ ಕುಳಿತ ವಾದಕರೇ ನುಡಿಸುವುದುಂಟು. ೧೯೨೭ರ ತರುವಾಯ ಯಾವ ಸ್ಥಳದಿಂದ ಅವರನ್ನು ಎಬ್ಬಿಸಲಾಯಿತೋ ಅದೇ ಸ್ಥಳಕ್ಕೆ ಅವರು ಮರಳಿ ಬಂದಿದ್ದಾರೆ.

ಸಭೆಯು ಮರಳಿದುದು ಕೆಲವೆಡೆ ಗದ್ದಲದೊಡನೆಯೂ ಹೌದು. ೧೯೯೯ರಲ್ಲಿ ಲಂಡನ್ನಿನ ಚಿತ್ರೋತ್ಸವವೊಂದರಲ್ಲಿ ೧೯೬೫ರ ‘ದ ಸೌಂಡ್ ಆಫ್ ಮ್ಯೂಸಿಕ್’ ಚಿತ್ರವನ್ನು ಹಾಡಿನ ಸಾ‌ಹಿತ್ಯವು ತೆರೆಯ ಮೇಲೆ ಮೂಡುವಂತೆ ಮಾಡಿ ತೋರಿಸಿದರು; ಸಭೆಯೆಲ್ಲವೂ ಕೂಡಿ ಹಾಡಿತು. ಪ್ರಿನ್ಸ್ ಚಾರ್ಲ್ಸ್ ಎಂಬ ಮಂದಿರದಲ್ಲಿ ಅದು ವರ್ಷಗಟ್ಟಲೆ ನಡೆಯಿತು. ೨೦೦೦ದಲ್ಲಿ ನ್ಯೂಯಾರ್ಕಿಗೂ ಆಮೇಲೆ ಲಾಸ್ ಏಂಜಲೀಸಿನ ಹಾಲಿವುಡ್ ಬೌಲ್ ಎಂಬ ಬಯಲುರಂಗಕ್ಕೂ ಹಬ್ಬಿತು. ಜನರು ಸನ್ಯಾಸಿನಿಯರ ವೇಷದಲ್ಲಿ ಬರುತ್ತಾರೆ. ನಾಯಕಿಗೆ ಜಯಘೋಷವನ್ನೂ ನಾಝಿ ಅಧಿಕಾರಿಗೆ ಧಿಕ್ಕಾರವನ್ನೂ ಕೂಗುತ್ತಾರೆ. ಇದು ರಸಭಂಗವಲ್ಲವೇ ಎಂದು ಗಂಭೀರ ಪ್ರೇಕ್ಷಕರು ಆಕ್ಷೇಪಿಸುವುದುಂಟು. ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ತೆರೆಯ ದನಿಯನ್ನೇ ಮುಳುಗಿಸುವ ಸಭೆ ನೋಡುವುದು ತನ್ನನ್ನೇ ಹೊರತು ಕೃತಿಯನ್ನಲ್ಲ. ಭರತನು ಮೌನವನ್ನು ದೈವಿಕಿಯೆಂದು ಎತ್ತರದಲ್ಲಿ ಇಟ್ಟುದು ವ್ಯರ್ಥವಾಗಿ ಅಲ್ಲ. ಆದರೆ ಅವನು ಮಾನುಷಿಯನ್ನು ತಳ್ಳಿಹಾಕಲಿಲ್ಲವೆಂಬುದೂ ನಿಜ. ನೃತ್ಯವು ನಡೆಯುವಾಗ ಮೌನ, ಮುಗಿದಾಗ ಕರತಾಡನ, ಇವೆರಡೂ ಕೂಡಿದುದೇ ಪೂರ್ಣವಾದ ಸಿದ್ಧಿ. ಹಳೆಯ ಸಂಗೀತಚಿತ್ರಗಳು ತಮ್ಮ ನಡುನಡುವೆ ಸ್ಥಳವನ್ನು ಬಿಟ್ಟಿರುವುದು ಈ ಎರಡನೆಯದಕ್ಕೆ.

ಇನ್ನು ಮೊದಲ ಪ್ರಶ್ನೆ. ನಟನಿಗೆ ಕೇಳಿಸದ ಚಪ್ಪಾಳೆ ಯಾರಿಗಾಗಿ? ಅಭಿನವಗುಪ್ತನು ಭರತನ ಗ್ರಂಥಕ್ಕೆ ಬರೆದ ವ್ಯಾಖ್ಯಾನದಲ್ಲಿ ಒಂದು ಸೂಕ್ಷ್ಮವನ್ನು ಎತ್ತಿ ತೋರಿಸಿದ್ದಾನೆ. ಸಾಮಾಜಿಕರೆಲ್ಲರ ಅರಿವು ಏಕಘನವಾದಾಗ, ಅಂದರೆ ಬೇರೆ ಬೇರೆಯಾಗಿ ಬಂದವರ ಮನಸ್ಸುಗಳು ಒಂದೇ ಅನುಭವದಲ್ಲಿ ಗಟ್ಟಿಗೊಂಡಾಗ, ರಸವು ಇನ್ನಷ್ಟು ಪುಷ್ಟವಾಗುತ್ತದೆಂಬುದು ಅವನ ಅಭಿಪ್ರಾಯ. ಈ ಮಾತಿನ ಪ್ರಕಾರ ಚಪ್ಪಾಳೆಯು ನಟನಿಗೆ ಕೊಡುವ ಕೂಲಿ ಮಾತ್ರವಲ್ಲ. ಕತ್ತಲಲ್ಲಿ ಕುಳಿತ ಸಾವಿರ ಮಂದಿ ತಾವು ಒಂದೇ ಆದೆವೆಂದು ಪರಸ್ಪರ ತಿಳಿಸಿಕೊಳ್ಳುವ ಸಂಕೇತ. ನಟನು ಎದುರಿಗಿದ್ದಾಗ ಈ ಎರಡನೆಯ ಅರ್ಥವು ಮೊದಲನೆಯದರ ಮರೆಯಲ್ಲಿ ಅಡಗಿತ್ತು. ನಟನನ್ನು ದೂರ ಮಾಡಿದ ಯಂತ್ರವೇ ಅದನ್ನು ಬೆಳಕಿಗೆ ತಂದಿತು. ಆದುದರಿಂದ ಮನೆಯಲ್ಲಿ ಒಬ್ಬನೇ ನೋಡಿದವನು ಚಿತ್ರವನ್ನು ನೋಡಲಿಲ್ಲವೆಂದಲ್ಲ. ಸಭೆಗೆ ಮೀಸಲಾದ ಪಾಲೊಂದು ಅವನಿಗೆ ದಕ್ಕಲಿಲ್ಲ, ಅಷ್ಟೆ.

ಜೀನ್ ಕೆಲ್ಲಿ ೧೯೯೬ರಲ್ಲಿ ತೀರಿಕೊಂಡನು; ಡೊನಾಲ್ಡ್ ಓಕಾನರ್ ೨೦೦೩ರಲ್ಲಿ. ಡೆಬ್ಬಿ ರೆನಾಲ್ಡ್ಸ್ ೨೦೧೬ನೆಯ ಡಿಸೆಂಬರಿನಲ್ಲಿ ತೀರಿಕೊಂಡಳು. ಮರುತಿಂಗಳೇ ಆ ಚಿತ್ರವನ್ನು ಅಮೆರಿಕದ ಅನೇಕ ಊರುಗಳ ಮಂದಿರಗಳಲ್ಲಿ ತೋರಿಸಿದರು. ಸ್ಟ್ಯಾನ್ಲಿ ಡೋನೆನ್ ೨೦೧೯ರಲ್ಲಿ ತೀರಿಕೊಂಡನು. ಇನ್ನು ಮುಂದೆ ಆ ಚಿತ್ರಕ್ಕೆ ಬೀಳುವ ಚಪ್ಪಾಳೆಯನ್ನು ಆ ನಾಲ್ವರಲ್ಲಿ ಯಾರೂ ಕೇಳುವಂತಿಲ್ಲ. ಆದರೂ ಮಳೆಯಲ್ಲಿ ಕುಣಿದವನು ಕೊಡೆಯನ್ನು ದಾರಿಹೋಕನ ಕೈಗಿತ್ತು ಬೀದಿಯ ತಿರುವಿನಲ್ಲಿ ಮರೆಯಾಗುವಾಗ, ಅವನು ಬಿಟ್ಟುಹೋದ ಆ ಕ್ಷಣದ ಅವಕಾಶವು ಪ್ರತಿಸಲವೂ ಹಾಗೆಯೇ ತೆರೆದುಕೊಳ್ಳುತ್ತದೆ. ಮಂದಿರದಲ್ಲಿ ಜನರಿದ್ದರೆ ಅದು ತುಂಬುತ್ತದೆ.